ನೀರುನಾಯಿ ಕಲ್ಲಿಗೆ ಹಚ್ಚಿದ ಸುಣ್ಣ

ನೀರುನಾಯಿಗೆ ಆ ಹೆಸರಿಟ್ಟವರು ಯಾರೋ ಗೊತ್ತಿಲ್ಲ. ಸಿಕ್ಕಿದ್ದರೆ ಒಂದು ಸುತ್ತು ಜಗಳ ಆಡುತ್ತಿದ್ದೆ. ನಾಯಿಗೂ ಅದಕ್ಕೂ ಹತ್ತಿರದ ನೆಂಟಸ್ತನವೇ ಇಲ್ಲ. ಆದರೂ ಹೆಸರಿನ ಬಾಲಕ್ಕೆ ಒಂದು ನಾಯಿಯನ್ನು ಕಟ್ಟಿಬಿಟ್ಟಿದ್ದರಿಂದ, ಅದು ಸತ್ತರೆ ಜನ "ನಾಯಿ ತಾನೇ" ಎಂದು ಕೈ ಕೊಡವಿಬಿಡುತ್ತಾರೆ. ಹಾಗೆ ಕೈ ಕೊಡವಿದವರನ್ನು ನಾನು ಎದುರಿಗೇ ನೋಡಿದೆ, ಕೂಗಾಡಿದೆ. ಕೂಗಾಡಿದ್ದರಲ್ಲಿ ಅರ್ಧಕ್ಕರ್ಧ ನನಗೇ ಸಲ್ಲಬೇಕಾದ ಬೈಗುಳ ಎಂದು ತಿಳಿಯುವುದಕ್ಕೆ ತಡವಾಯಿತು.

ನಾನು ಪ್ರಾಣಿಶಾಸ್ತ್ರ ಪಾಠ ಹೇಳುವವಳು. ಈ ತೆಂಗಿನ ಸೀಮೆಯ ನಮ್ಮ ಕಾಲೇಜಿನಲ್ಲಿ ಎಂ.ಎಸ್ಸಿ. ಕೊನೆಯ ಸೆಮಿಸ್ಟರಿನವರು ಒಂದು ಪ್ರಾಜೆಕ್ಟ್ ಮಾಡಲೇಬೇಕು. ಹೆಚ್ಚಿನವರು ಮನೆಯ ತೋಟದಲ್ಲೇ ನುಸಿ ಹಿಡಿದ ಕಾಯಿ ಎಣಿಸಿ, ಕೆಂಪುಮೂತಿ ಹುಳುವಿನ ಚಿತ್ರ ಅಂಟಿಸಿ ಮುಗಿಸುತ್ತಾರೆ. ಆ ಸಲ ಇಬ್ಬರು ಮಾತ್ರ ಬೇರೆ ಏನಾದರೂ ಕೊಡಿ ಎಂದು ಬಂದರು. ಒಬ್ಬ ಅರಳಗುಪ್ಪೆಯ ಹುಡುಗ, ಅಟ್ಟದ ತುಂಬ ಕೊಬ್ಬರಿ ಇರುವ ಮನೆಯವನು, ಕೈಕೆಲಸದಲ್ಲಿ ಬಲು ಚುರುಕು. ಇನ್ನೊಬ್ಬಳು ಕೆಂಕೆರೆಯ ಹುಡುಗಿ. ಮಾತು ಕಡಿಮೆ, ಬರವಣಿಗೆ ಅಚ್ಚುಕಟ್ಟು. ಮುಂದೆ ಪಿಎಚ್.ಡಿ. ಸೇರಬೇಕು ಎಂದು ಹಟ ಹಿಡಿದಿದ್ದಳು. ಅದಕ್ಕೆ ಪ್ರಾಜೆಕ್ಟಿನ ಅಂಕ ಅವಳಿಗೆ ಮುಖ್ಯವಾಗಿತ್ತು.

ತುರುವೇಕೆರೆಗೂ ಚಿಕ್ಕನಾಯಕನಹಳ್ಳಿಗೂ ನಡುವಿನ ಒಂದು ಕೆರೆಯಲ್ಲಿ ನೀರುನಾಯಿಗಳ ಒಂದು ಸಂಸಾರ ಇರುವುದು ನನಗೆ ಗೊತ್ತಿತ್ತು. ನಾಲೆಯ ನೀರು ಬಂದ ಮೇಲೆ ಆ ಕೆರೆ ಬೇಸಿಗೆಯಲ್ಲೂ ಪೂರ್ತಿ ಒಣಗುತ್ತಿರಲಿಲ್ಲ. ಇಬ್ಬರನ್ನೂ ಅಲ್ಲಿಗೆ ಹಚ್ಚಿದೆ. ನಾನು ಓದುವಾಗ ಕಾರವಾರದ ಕಡೆ ಕಡಲಿನಲ್ಲಿ ಡಾಲ್ಫಿನ್ ಎಣಿಸುವವರ ದೋಣಿಯಲ್ಲಿ ಒಂದು ಚಳಿಗಾಲ ದುಡಿದಿದ್ದೆ. ಬೆನ್ನಿನ ರೆಕ್ಕೆಯ ಮೇಲಿನ ಕಚ್ಚು, ಹರಕು ನೋಡಿ ಇದು ನಿನ್ನೆ ಕಂಡದ್ದೇ, ಇದು ಬೇರೆಯದು ಎಂದು ಹೇಳುವ ವಿದ್ಯೆ ಅಲ್ಲಿ ಕಲಿತದ್ದು. ಅದನ್ನೇ ಕೆರೆಗೆ ತಂದೆ. ನೀರುನಾಯಿಗೆ ಬೆನ್ನುರೆಕ್ಕೆ ಇಲ್ಲ, ಆದರೆ ಕತ್ತಿನ ಕೆಳಗಿನ ತಿಳಿಬಣ್ಣದ ಮಚ್ಚೆ ಒಂದೊಂದಕ್ಕೂ ಒಂದೊಂದು ಥರ. ಮೂಗಿನ ಗಾಯ, ಕಿವಿಯ ಹರಕು ಸೇರಿಸಿಕೊಂಡರೆ ಗುರುತು ಗಟ್ಟಿಯಾಗುತ್ತದೆ. ಮೂರು ವಾರ ಫೋಟೋ ತೆಗೆದ ಮೇಲೆ ಏಳು ಎಂದು ಖಚಿತವಾಯಿತು. ಒಂದು ದೊಡ್ಡ ಗಂಡು, ಹೋದ ವರ್ಷದ ಎರಡು ಎಳೆಯವು, ಮೂರು ಮರಿ, ಅವುಗಳ ತಾಯಿ. ತಾಯಿಯ ಎಡಗಿವಿ ಹರಿದಿತ್ತು. ಹಾಳೆಯಲ್ಲಿ ಅವಳಿಗೆ ನಂಬರು ಕೊಟ್ಟಿದ್ದರೂ ಹುಡುಗ ಹುಡುಗಿ ಇಬ್ಬರೂ ಅವಳನ್ನು ಕಿವಿಹರಕಿ ಎಂದೇ ಕರೆದರು. ನಾನೂ ಅದೇ ಹೆಸರು ಹಿಡಿದೆ.

ನಮ್ಮ ಪ್ರಶ್ನೆ ಸರಳವಾಗಿತ್ತು: ಇವು ತಿನ್ನುವುದು ಏನು? ಕೆರೆಯಲ್ಲಿ ಮೀನು ಸಾಕಲು ಗುತ್ತಿಗೆ ಹಿಡಿದವನು ಇವು ತನ್ನ ಕಾಟ್ಲಾ, ರೋಹು ಮೀನನ್ನೆಲ್ಲ ಬಳಿದು ತಿನ್ನುತ್ತವೆ ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಇದಕ್ಕೆ ಉತ್ತರ ಇದ್ದದ್ದು ಹಿಕ್ಕೆಯಲ್ಲಿ. ನೀರುನಾಯಿ ಎಲ್ಲೆಂದರಲ್ಲಿ ಹೇಲುವ ಪ್ರಾಣಿಯಲ್ಲ. ದಡದ ಕೆಲವು ಕಲ್ಲುಗಳನ್ನು ಗೊತ್ತುಮಾಡಿಕೊಂಡು ಅಲ್ಲಿಗೇ ಬರುತ್ತದೆ. ಮನೆಮಂದಿಯೆಲ್ಲ ಅದೇ ಕಲ್ಲು. ಆ ಹಿಕ್ಕೆಯನ್ನು ಚೀಲಕ್ಕೆ ತುಂಬಿ, ಸೋಪಿನ ನೀರಿನಲ್ಲಿ ಎರಡು ದಿನ ನೆನೆಹಾಕಿ, ಟೀ ಸೋಸುವ ಜರಡಿಯಲ್ಲಿ ತೊಳೆದು, ಪೇಪರಿನ ಮೇಲೆ ಒಣಗಿಸಿದರೆ ಮೀನಿನ ಹುರುಪೆ, ಮುಳ್ಳು, ಏಡಿಯ ಚಿಪ್ಪು ಉಳಿಯುತ್ತವೆ. ಹುಡುಗಿ ಸಂತೆಯಿಂದ ಒಂದೊಂದು ಜಾತಿಯ ಮೀನು ತಂದು, ಹುರುಪೆ ಕಿತ್ತು ಗಾಜಿನ ಮೇಲೆ ಅಂಟಿಸಿ ಹೋಲಿಸಿ ನೋಡುವುದಕ್ಕೆ ಇಟ್ಟುಕೊಂಡಳು. ಲ್ಯಾಬಿನ ಅಟೆಂಡರು ಮೂಗು ಮುಚ್ಚಿಕೊಂಡು ಬಾಗಿಲ ಆಚೆ ಕೂರುತ್ತಿದ್ದರು.

ತೊಡಕು ಬಂದದ್ದು ಕಲ್ಲುಗಳನ್ನು ಲೆಕ್ಕ ಇಡುವುದರಲ್ಲಿ. ಏರಿಯ ಒಳಮೈಯ ತುಂಬ ಕಲ್ಲು, ಕೋಡಿಯ ಕಡೆ ಬಂಡೆ. ಯಾವ ಕಲ್ಲಿನದು ಹಳೆಯ ಹಿಕ್ಕೆ, ಯಾವುದು ಈ ವಾರದ್ದು? ಮೊಬೈಲಿನ ನಕ್ಷೆ ಹತ್ತು ಹೆಜ್ಜೆ ಆಚೆ ಈಚೆ ತೋರಿಸುತ್ತಿತ್ತು. ಎರಡು ವಾರ ಒಂದೇ ಕಲ್ಲನ್ನು ಎರಡೆರಡು ಸಲ ಬರೆದುಕೊಂಡಿದ್ದೆವು. ಹಾಳೆಗಳನ್ನು ನೋಡಿ ನಾನು ರೇಗಿದೆ. ಮಾರನೆಯ ದಿನ ಹುಡುಗ ಡಬ್ಬಿಯಲ್ಲಿ ಸುಣ್ಣ ಕಲಸಿಕೊಂಡು ಬಂದ.

"ಮೇಡಂ, ನಮ್ ತೋಟದಾಗೆ ಮಾಡಂಗೆ ಮಾಡಾಣ. ಕಾಯಿ ಇಳ್ಸಿದ್ ಮರಕ್ಕೆ ಒಂದ್ ಬೊಟ್ಟು, ಬಿತ್ನೆ ಕಾಯಿ ಬಿಡೋ ಮರಕ್ಕೆ ಸುತ್ಲೂ ಬಳೆ. ಯಾವೋನ್ ಬಂದ್ರೂ ತಪ್ಪಾಗಲ್ಲ. ಇಲ್ಲೂ ಹಂಗೇ. ಹಳೇ ಹಿಕ್ಕೆಗೆ ಒಂದ್ ಬೊಟ್ಟು, ಹೊಸಾದಕ್ಕೆ ಎಲ್ಡು."

"ಬಳೆ?" ಎಂದೆ.

"ಮರಿ ಹೆಜ್ಜೆ ಕಂಡಿದ್ ಕಲ್ಲಿಗೆ."

ಭೇಷ್ ಎಂದೆ. ಬರೀ ಭೇಷ್ ಅಲ್ಲ, ತರಗತಿಯಲ್ಲಿ ಬೇರೆಯವರಿಗೂ ಹೇಳಿದೆ: ವಿಜ್ಞಾನ ಅಂದರೆ ಪರದೇಶದಿಂದ ಬರುವ ಯಂತ್ರವಲ್ಲ, ನಿಮ್ಮ ತೋಟದ ಸುಣ್ಣದಲ್ಲೂ ಇದೆ, ಇತ್ಯಾದಿ. ಗುರುತು ಏರಿಯ ಕಡೆಗೆ ಮುಖ ಮಾಡಿರಬೇಕು, ಮೇಲೆ ನಿಂತರೆ ದುರ್ಬೀನು ಇಲ್ಲದೆಯೂ ಕಾಣಬೇಕು ಎಂದು ಹೇಳಿದವಳು ನಾನೇ. ಸೋಮವಾರಕ್ಕೊಮ್ಮೆ ಹೊಸ ಸುಣ್ಣ. ಹಾಳೆಗಳು ಸರಿಹೋದವು, ಲೆಕ್ಕ ನಿಖರವಾಯಿತು. ನಾನು ಹಿಗ್ಗಿದೆ.

ಗುತ್ತಿಗೆದಾರ ನಮ್ಮನ್ನು ಓಡಿಸುತ್ತಾನೆ ಎಂದುಕೊಂಡಿದ್ದೆ. ಅವನು ಓಡಿಸಲಿಲ್ಲ, ತನ್ನ ತೆಪ್ಪ ಕೊಟ್ಟ. ಐವತ್ತರ ಆಸುಪಾಸಿನ, ಒಳ್ಳೆಯ ಮಾತಿನ ಮನುಷ್ಯ. ಒಂದು ದಿನ ತೂಬಿನ ಪಕ್ಕದ ತನ್ನ ಶೆಡ್ಡಿನ ಹತ್ತಿರ ಕೂರಿಸಿ ಮೂವರಿಗೂ ಎಳನೀರು ಕೆತ್ತಿಸಿಕೊಟ್ಟ. ಕೊಬ್ಬರಿಯ ಸೀಮೆಯಲ್ಲಿ ಎಳೆಗಾಯಿ ಕೀಳುವುದೆಂದರೆ ಸುಮ್ಮನೆ ಅಲ್ಲ. ಬೀಗರು ಬಂದರೂ ಹಿಂದೆಮುಂದೆ ನೋಡುತ್ತಾರೆ. ನಾನು ಆ ಮರ್ಯಾದೆಗೆ ಕರಗಿ ನೀರಾದೆ.

"ಮೇಡಮ್ಮೋರೆ, ಆ ಸುಣ್ಣ ಯಾಕೆ ಅಂತ?" ಎಂದು ಕೇಳಿದ.

ಹೇಳಿದೆ. ಒಂದು ಬೊಟ್ಟು, ಎರಡು ಬೊಟ್ಟು, ಬಳೆ, ಎಲ್ಲವನ್ನೂ ಬಿಡಿಸಿ ಹೇಳಿದೆ. ಹಿಕ್ಕೆಯಲ್ಲಿ ಸಿಕ್ಕ ಮುಳ್ಳುಗಳನ್ನು ಹುಡುಗಿ ಪೇಪರಿನ ಮೇಲೆ ಹರಡಿ ತೋರಿಸಿದಳು. ಬಹುಪಾಲು ಜಿಲೇಬಿ ಮೀನಿನ ಬೆನ್ನುಮುಳ್ಳು, ಮಿಕ್ಕದ್ದು ಏಡಿ. ಯಾರೂ ಸಾಕದೆ ತಾನೇ ಹುಟ್ಟಿ ಸಾಕಿದ ಮೀನಿನ ಮೇವು ಕಬಳಿಸುವ ಜಾತಿ ಜಿಲೇಬಿ. "ನೋಡಿ, ಇವು ನಿಮಗೆ ಉಪಕಾರವನ್ನೇ ಮಾಡ್ತಿವೆ" ಎಂದೆ. ಅವನು ಒಂದು ಮುಳ್ಳನ್ನು ಬೆರಳಲ್ಲಿ ಹಿಡಿದು ನೋಡಿ, "ಹೌದಲ್ವಾ, ನೀವ್ ಓದ್ದೋರು ಹೇಳಿದ್ರೆ ಸರಿನೇ" ಎಂದ. ಒಬ್ಬ ಶತ್ರುವನ್ನು ಮುಳ್ಳಿನಿಂದಲೇ ಗೆದ್ದೆ ಎಂದು ಬಸ್ಸಿನಲ್ಲಿ ವಾಪಸು ಬರುವಾಗ ಇಬ್ಬರಿಗೂ ಹೇಳಿಕೊಂಡು ಬಂದೆ.

ಒಂಬತ್ತನೆಯ ವಾರದ ಸೋಮವಾರ, ಬೆಳಗ್ಗೆ ಏಳು ಗಂಟೆಗೆ ಕೋಡಿಯ ಕಡೆಯಿಂದ ಹುಡುಗಿಯ ಫೋನು ಬಂತು. "ಮೇಡಂ, ಬಳೆ ಕಲ್ಲ ತಾವ ಬನ್ನಿ" ಎಂದಳು. ಇನ್ನೇನೂ ಹೇಳಲಿಲ್ಲ. ನಾನು ಏರಿಯ ಈ ತುದಿಯಲ್ಲಿದ್ದೆ. ಓಡಿದೆ.

ಬೈಕಿನ ಕ್ಲಚ್ ವೈರಿನ ಉರುಳು. ನೀರಿನಿಂದ ಕಲ್ಲಿಗೆ ಹತ್ತುವ ಸವೆದ ದಾರಿಯಲ್ಲಿ, ಒಂದು ಗೇಣು ಎತ್ತರಕ್ಕೆ, ಸರಿಯಾಗಿ ಕತ್ತು ಸಿಗುವ ಹಾಗೆ ಒಡ್ಡಿದ್ದರು. ಕಿವಿಹರಕಿ ಅದರಲ್ಲಿದ್ದಳು. ವೈರು ಕಟ್ಟಿದ್ದ ಗೂಟದ ಸುತ್ತ ಮಣ್ಣೆಲ್ಲ ಕೆತ್ತಿಹೋಗಿತ್ತು. ಬಹಳ ಹೊತ್ತು ಒದ್ದಾಡಿದ್ದಾಳೆ ಎಂದು ಅದನ್ನು ನೋಡಿದರೇ ತಿಳಿಯುತ್ತಿತ್ತು. ಜೊಂಡಿನ ಒಳಗಿಂದ ಮರಿಗಳು ಸಿಳ್ಳೆ ಹಾಕುತ್ತಿದ್ದವು. ತಾಯಿಯನ್ನು ಕರೆಯುವ ಆ ಸಿಳ್ಳೆ ನಮ್ಮ ಹಾಳೆಗಳಲ್ಲಿ ಒಂದು ಕಾಲಮ್ಮಾಗಿತ್ತು. ಎಷ್ಟು ಸಲ, ಎಷ್ಟು ಹೊತ್ತಿಗೆ ಎಂದು ಬರೆದುಕೊಳ್ಳುತ್ತಿದ್ದೆವು. ಆ ದಿನ ಯಾರೂ ಬರೆದುಕೊಳ್ಳಲಿಲ್ಲ.

ದೂರು ಕೊಡಲು ಮೂವರೂ ಹೋದ ಅರಣ್ಯ ಇಲಾಖೆಯ ಕಚೇರಿಯಲ್ಲಿ ಅಧಿಕಾರಿ ಕಾಫಿ ಕುಡಿಯುತ್ತಿದ್ದರು. ಕಾನೂನಿನ ರಕ್ಷಣೆ ಇರುವ ಪ್ರಾಣಿ, ಕೊಂದರೆ ಜೈಲು ಎಂದೆ. "ನಾಯಿ ತಾನೇ ಮೇಡಂ, ಅಷ್ಟ್ಯಾಕೆ ಟೆನ್ಷನ್" ಎಂದರು. ನಾಯಿಯಲ್ಲ ಎಂದು ನಾನು ಮೇಜು ಕುಟ್ಟಿ ಹೇಳಿದ ಮೇಲೆ ಒಬ್ಬ ಗಾರ್ಡನ್ನು ಕಳಿಸಿಕೊಟ್ಟರು. ಗಾರ್ಡು ಬಂದದ್ದು ಮಧ್ಯಾಹ್ನ. ಅಷ್ಟು ಹೊತ್ತಿಗೆ ವೈರು ಮಾಯ, ಗೂಟ ಮಾಯ. ಹುಡುಗ ಫೋಟೋ ತೆಗೆದಿದ್ದರಿಂದ ಉರುಳು ಇದ್ದದ್ದಾದರೂ ನಿಜ ಎಂದಾಯಿತು. ಮಹಜರಿನಲ್ಲಿ "ಆರೋಪಿ: ಅಪರಿಚಿತ" ಎಂದು ಬರೆದುಕೊಂಡು, ಅಲ್ಲೇ ಗುಂಡಿ ತೋಡಿ ಹೂಳಿಸಿ ಹೋದರು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಇವರು ಆ ಬಾಗಿಲನ್ನೂ ಹಾಕಲಿಲ್ಲ.

ಸೀದಾ ಗುತ್ತಿಗೆದಾರನ ಶೆಡ್ಡಿಗೆ ಹೋದೆ. ಅವನು ಬಲೆ ಹೊಲಿಯುತ್ತಿದ್ದ. ನನ್ನ ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಕೊಲೆಗಡುಕ ಅಂದೆ, ಎಳನೀರು ಕೊಟ್ಟು ಕತ್ತು ಕುಯ್ದೆ ಅಂದೆ. ಅವನು ಸೂಜಿ ಕೆಳಗಿಡಲಿಲ್ಲ.

"ಸುಮ್ ಸುಮ್ಕೆ ಕೂಗಾಡ್‌ಬ್ಯಾಡಿ ಮೇಡಮ್ಮೋರೆ. ಉರ್ಲು ಯಾವೋನ್ ಒಡ್ಡಿದ್ನೋ ನಂಗೊತ್ತಿಲ್ಲ. ಒಡ್ದೋನ್ಗೆ ಜಾಗ ತೋರ್ಸಿದ್ ಯಾರು ಅಂತ ಮಾತ್ರ ಗೊತ್ತು."

"ಯಾರು?"

"ಸುಣ್ಣ ನಂದಾ? ನಾನು ಏಳ್ ವರ್ಷದಿಂದ ಈ ಕೆರೆ ಹಿಡ್ದಿವ್ನಿ, ಇವು ಎಲ್ ಹತ್ತುತ್ವೆ ಎಲ್ ಇಳೀತ್ವೆ ಅಂತ ಒಂದ್ ದಿನಾನೂ ಗೊತ್ತಾಗಿರ್ಲಿಲ್ಲ. ನಮ್ ಆಳುಗಳು ಕಾಯಿ ಕೀಳೋ ಜನ ಕಣ್ರೀ. ಸುಣ್ಣ ಓದಾಕೆ ಅವ್ರಿಗೆ ಸ್ಕೂಲ್ ಬೇಕಾ? ಬಳೆ ಅಂದ್ರೆ ಮರಿ ಅಂತ ನೀವೇ ಹೇಳ್‌ಕೊಟ್ರಿ. ಮರಿ ಇದ್ ತಾವ್ಕೆ ತಾಯಿ ಬರ್ದೆ ಇರ್ತದಾ?"

ಶೆಡ್ಡಿನಿಂದ ಹೊರಗೆ ಬಂದೆ. ಸುಣ್ಣದ ಬಗ್ಗೆ ಅವನು ಹೇಳಿದ್ದರಲ್ಲಿ ಒಂದೇ ಒಂದು ಅಕ್ಷರವೂ ಸುಳ್ಳಲ್ಲ.

ಬಸ್ಸಿಗೆ ಕಾಯುತ್ತ ನಿಂತಿದ್ದಾಗ ಆ ಸಿಟ್ಟನ್ನೆಲ್ಲ ಹುಡುಗನ ಮೇಲೆ ಸುರಿದೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎನ್ನುತ್ತಾರಲ್ಲ, ಹಾಗೆ. ತೋಟದ ಬುದ್ಧಿ ಎಲ್ಲಿಗೂ ತರಬೇಡ, ನಿನಗೆ ಸುಣ್ಣ ಹಚ್ಚು ಅಂದವರು ಯಾರು ಎಂದೆ. ಅವನು ತಲೆ ತಗ್ಗಿಸಿ ನಿಂತ. ಹುಡುಗಿ ನನ್ನ ಮುಖವನ್ನು ಒಂದು ಸಲ ನೋಡಿ ರಸ್ತೆಯ ಕಡೆ ತಿರುಗಿದಳು.

ಮಾರನೆಯ ದಿನ ಗುರುತು ಅಳಿಸಲು ಹೋದೆವು. ಸುಣ್ಣ ಅಷ್ಟು ಸುಲಭಕ್ಕೆ ಹೋಗುವ ವಸ್ತುವಲ್ಲ. ತೆಂಗಿನ ನಾರಿನಲ್ಲಿ ಉಜ್ಜಿದೆವು, ಹುಳಿ ಮಜ್ಜಿಗೆ ಹಾಕಿ ಉಜ್ಜಿದೆವು. ಕಪ್ಪು ಕಲ್ಲಿನ ಮೇಲೆ ಉಜ್ಜಿದ ಜಾಗವೇ ಬೆಳ್ಳಗೆ ಎದ್ದು ಕಾಣತೊಡಗಿತು. ಮೊದಲಿಗಿಂತ ಚೆನ್ನಾಗಿಯೇ ಕಾಣುತ್ತಿತ್ತು ಎನ್ನಬೇಕು. ಮರಿಗಳು ಇನ್ನೂ ಆ ಕಲ್ಲುಗಳಿಗೇ ಬರುತ್ತಿದ್ದವು. ಗಂಡು ನೀರುನಾಯಿ ಮುಂದೆ, ಎಳೆಯವು ಹಿಂದೆ, ನಡುವೆ ಮೂರು ಮರಿ. ಮುಂದಿನ ಉರುಳು ಯಾವುದಕ್ಕೆ ಎನ್ನುವುದಷ್ಟೇ ಉಳಿದ ಪ್ರಶ್ನೆ.

ನಾನು ಏರಿಯ ಮೇಲೆ ಕೂತಿದ್ದೆ. ಬೈಸಿಕೊಂಡ ಮೇಲೆ ಹುಡುಗ ನನ್ನ ಜೊತೆ ಮಾತಾಡಿರಲಿಲ್ಲ. ಆಗ ಬಾಯಿ ಬಿಟ್ಟ.

"ಅಳ್ಸಕ್ಕಾಗಲ್ಲ ಮೇಡಂ. ಎಲ್ಲಾ ಕಲ್ಲಿಗೂ ಹಚ್ಬುಡಾಣ."

"ಏನಂದೆ?"

"ಇಡೀ ತೋಟಕ್ಕೆ ಬಳೆ ಹಾಕುದ್ರೆ ಬಿತ್ನೆ ಮರ ಯಾವ್ದು ಅಂತ ಯಾವೋನ್ಗೆ ಗೊತ್ತಾಯ್ತದೆ?"

ಹುಡುಗಿ ಹಾಳೆಗಳನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು. ಅವನ ಮಾತಿನ ಅರ್ಥ ಮೂವರಿಗೂ ಗೊತ್ತಿತ್ತು. ಕೆರೆಯ ಸುತ್ತ ಎಲ್ಲ ಕಲ್ಲಿಗೂ ಸುಣ್ಣ ಬಳಿದರೆ ನೀರುನಾಯಿಗಳು ಕೆಲವು ಕಲ್ಲುಗಳನ್ನು ಬಿಡುತ್ತವೆ, ಬೇರೆ ಕಡೆ ಹತ್ತುತ್ತವೆ. ಆಮೇಲೆ ಸಿಕ್ಕ ಒಂದು ಅಂಕಿಯೂ ನಂಬುವಂತಿರುವುದಿಲ್ಲ. ಹದಿನಾರು ವಾರದ ಕೆಲಸ ಒಂಬತ್ತಕ್ಕೇ ನಿಲ್ಲುತ್ತದೆ. ಅವನಿಗೆ ಹೇಗೋ ಪಾಸಾದರೆ ಸಾಕು. ಅವಳಿಗೆ ಸಾಲದು. ನಾನು ಅವಳ ಕಡೆ ನೋಡಿದೆ. ತೀರ್ಮಾನ ನನ್ನದಾಗಬೇಕಿತ್ತು, ಅದನ್ನು ಅವಳ ಮೇಲೆ ಹಾಕಿದೆ. ಇದನ್ನೂ ಈಗ ಒಪ್ಪಿಕೊಳ್ಳಬೇಕು.

"ಸುಣ್ಣ ಎಷ್ಟ್ ಬೇಕಾಯ್ತದೆ?" ಎಂದು ಅವಳು ಅವನನ್ನು ಕೇಳಿದಳು.

ಸುಣ್ಣವನ್ನು ಮೂರು ದಿನ ಮೊದಲೇ ನೀರಿಗೆ ಹಾಕಿ ತಣಿಸಿದೆವು. ಬಿಸಿ ಸುಣ್ಣ ನೀರುನಾಯಿಗಳ ಪಾದ ಸುಡುತ್ತದೆ. ತೆಳ್ಳಗೆ ಕಲಸಿ, ನೀರಿಗೆ ತಾಗದ ಹಾಗೆ ಮೇಲುಮೈಗೆ ಮಾತ್ರ ಹಚ್ಚಬೇಕೆಂದು ಗೊತ್ತುಮಾಡಿದೆವು. ಯಾವ ಕಲ್ಲಿಗೆ ಒಂದು ಬೊಟ್ಟು, ಯಾವುದಕ್ಕೆ ಬಳೆ ಎನ್ನುವುದರಲ್ಲಿ ನಮ್ಮ ಕೈ ತನಗೆ ತಾನೇ ಒಂದು ಕ್ರಮ ಹಿಡಿಯಬಾರದಲ್ಲ. ಅದಕ್ಕೆ ಹುಡುಗಿ ಸಂಖ್ಯಾಶಾಸ್ತ್ರ ಪುಸ್ತಕದ ಹಿಂದಿನ ಯಾದೃಚ್ಛಿಕ ಸಂಖ್ಯೆಗಳ ಪಟ್ಟಿ ಹಿಡಿದು ಕೂತಳು. ಅವಳು ಸಂಖ್ಯೆ ಕೂಗುವುದು, ನಾನೂ ಹುಡುಗನೂ ನಾರಿನ ಕುಂಚ ಆಡಿಸುವುದು. ಇಷ್ಟು ವರ್ಷ ಪಾಠ ಹೇಳಿದ್ದೇನೆ, ಆ ಪಟ್ಟಿ ನಿಜವಾದ ಒಂದು ಕೆಲಸಕ್ಕೆ ಬಂದದ್ದು ಅದೇ ಮೊದಲು. ಎರಡು ದಿನ ಹಿಡಿಯಿತು. ನನಗೂ ಹುಡುಗನಿಗೂ ಕೈಯಲ್ಲಿ ಬೊಬ್ಬೆ ಎದ್ದವು, ಬೆರಳ ಸಂದು ಸುಣ್ಣಕ್ಕೆ ಬಿರಿದವು.

ಆಡು ಮೇಯಿಸುತ್ತಿದ್ದ ಅಜ್ಜಿಯೊಬ್ಬರು ಎರಡು ದಿನವೂ ನೋಡುತ್ತಿದ್ದರು. ರಸ್ತೆ ಬದಿಯ ಕಲ್ಲಿಗೆ ಸುಣ್ಣ ಬಿತ್ತು ಎಂದರೆ ಯಾರೋ ದೊಡ್ಡವರು ಬರುತ್ತಾರೆ ಎಂದು ಲೆಕ್ಕ.

"ಯಾರ್ ಬತ್ತಾವ್ರೆ ತಾಯಿ, ಮಿನಿಸ್ಟ್ರಾ?"

"ಹೂಂ ಕಣಜ್ಜಿ, ನೀರ್ನಾಯಿ ಮಿನಿಸ್ಟ್ರು" ಎಂದ ಹುಡುಗ.

"ಯಾವ್ ಪಾರ್ಟಿ?"

ಮೂವರೂ ನಕ್ಕೆವು. ಆ ತಿಂಗಳಲ್ಲಿ ನಾವು ನಕ್ಕದ್ದು ಅದೊಂದೇ ಸಲ. ಗುತ್ತಿಗೆದಾರ ಶೆಡ್ಡಿನಿಂದ ಹೊರಗೆ ಬಂದು, ಸೊಂಟದ ಮೇಲೆ ಕೈ ಇಟ್ಟು ಬೆಳ್ಳಗಾದ ಕೆರೆಯನ್ನು ನೋಡಿ ಒಳಗೆ ಹೋದ. ತೆಪ್ಪ ಮತ್ತೆ ಕೊಡಲಿಲ್ಲ.

ಆಮೇಲೆ ಕೆರೆಯ ಕಡೆ ಹೋಗಲೇಬಾರದು ಎಂದು ನಿರ್ಧರಿಸಿದೆವು. ನಾವು ಎಲ್ಲಿ ನಿಲ್ಲುತ್ತೇವೆ, ಎತ್ತ ನೋಡುತ್ತೇವೆ ಎನ್ನುವುದೂ ಒಂದು ಗುರುತೇ. ಒಂದೂವರೆ ತಿಂಗಳು ಕಳೆದ ಮೇಲೆ ಹುಡುಗ ಒಬ್ಬನೇ ಬೈಕಿನಲ್ಲಿ ಆ ದಾರಿಯಾಗಿ ಹಾದುಬಂದ. ಯಾವ ನೀರುನಾಯಿಯೂ ಹತ್ತದ ಒಂದು ಬಂಡೆಯ ಬುಡದಲ್ಲಿ, ಬಳೆಯ ಕೆಳಗೆ, ತುಕ್ಕು ಹಿಡಿದ ಖಾಲಿ ಉರುಳು ಇತ್ತಂತೆ. ನಾಲೆಯ ಕಡೆ ಗಂಡು, ಎರಡು ಎಳೆಯವು, ಎರಡು ಮರಿ ಕಂಡವಂತೆ. ಮೂರನೆಯ ಮರಿ ಏನಾಯಿತೋ ತಿಳಿಯಲಿಲ್ಲ. ಇದ್ದಿರಬಹುದು ಎಂದು ಹುಡುಗ ಹೇಳಿದ. ನಾನು ಇಲ್ಲ ಎಂದೇ ಲೆಕ್ಕ ಹಿಡಿದಿದ್ದೇನೆ.

ಇಷ್ಟಕ್ಕೇ ನಿಲ್ಲಿಸಿದ್ದರೆ ಇದು ಒಂದು ಕೆಟ್ಟ ಗುತ್ತಿಗೆದಾರನ ಕಥೆಯಾಗುತ್ತಿತ್ತು, ನಾನು ಅದರಲ್ಲಿ ಒಳ್ಳೆಯವಳಾಗುತ್ತಿದ್ದೆ. ಆದರೆ ವರದಿ ಬರೆಯುವುದಿತ್ತು.

ಕರಡನ್ನು ಹುಡುಗಿ ತಂದುಕೊಟ್ಟಳು. ವಿಧಾನದ ಅಧ್ಯಾಯದ ಕೊನೆಗೆ ಅವಳು ನಾಲ್ಕು ವಾಕ್ಯ ಬರೆದಿದ್ದಳು. ಕಲ್ಲುಗಳನ್ನು ಸುಣ್ಣದಿಂದ ಗುರುತಿಸಲಾಯಿತು. ಗುರುತಿನ ಅರ್ಥವನ್ನು ಹೊರಗಿನವರಿಗೆ ತಿಳಿಸಲಾಯಿತು. ಮರಿಗಳ ಗುರುತಿದ್ದ ಕಲ್ಲಿನಲ್ಲೇ ಉರುಳು ಒಡ್ಡಿ ತಾಯಿಯನ್ನು ಕೊಲ್ಲಲಾಯಿತು. ಮುಂದೆ ಈ ಕೆಲಸ ಮಾಡುವವರು ಈ ತಪ್ಪು ಮಾಡಬಾರದು.

ನಾನು ಕೆಂಪು ಪೆನ್ನು ತೆಗೆದು ನಾಲ್ಕನ್ನೂ ಹೊಡೆದುಹಾಕಿದೆ. "ವೈಜ್ಞಾನಿಕ ವರದಿಯಲ್ಲಿ ಇಂಥದ್ದೆಲ್ಲ ಬರೆಯುವುದಿಲ್ಲ" ಎಂದೆ. "ಒಂಬತ್ತನೆಯ ವಾರದಲ್ಲಿ ಒಂದು ಹೆಣ್ಣು ಸತ್ತು ಸಿಕ್ಕಿತು ಅಂತ ಬರಿ, ಸಾಕು."

ಅವಳು, "ಅದು ಸತ್ತಿದ್ದಲ್ಲ ಮೇಡಂ" ಎಂದಳು.

"ಹೇಳಿದಷ್ಟು ಮಾಡು" ಎಂದು ಗದರಿದೆ. ಗುರುತಿನ ಅರ್ಥವನ್ನು ಹೊರಗಿನವರಿಗೆ ತಿಳಿಸಿದ್ದು ಯಾರು ಎಂದು ಓದಿದವರು ಕೇಳುತ್ತಾರೆ. ಮಾರ್ಗದರ್ಶಕರು ಎನ್ನುವಲ್ಲಿ ನನ್ನ ಹೆಸರಿದೆ. ಇದ್ದ ಕಾರಣ ಇಷ್ಟೇ. ವಿಜ್ಞಾನದ ಹೆಸರು ಹೇಳಿ ನನ್ನ ಮುಖ ಉಳಿಸಿಕೊಂಡೆ.

ವೈವಾ ದಿನ ಬೇರೆ ಊರಿನಿಂದ ಪರೀಕ್ಷಕರು ಬಂದರು. ನಿಯಮದ ಪ್ರಕಾರ ನಾನು ಅವರ ಪಕ್ಕದ ಕುರ್ಚಿಯಲ್ಲಿ ಕೂತಿದ್ದೆ. ಮನುಷ್ಯ ಕೆಟ್ಟವರಲ್ಲ, ಕೆಲಸ ಬಲ್ಲವರು. ಮುಳ್ಳುಗಳ ಕೋಷ್ಟಕವನ್ನು ಎರಡು ಸಲ ನೋಡಿ ಚೆನ್ನಾಗಿದೆ ಎಂದರು. ಹಾಳೆ ತಿರುವಿದರು. ನಿಂತರು.

"ಹದಿನಾರು ವಾರದ ಯೋಜನೆ, ಒಂಬತ್ತಕ್ಕೆ ದತ್ತಾಂಶ ನಿಂತಿದೆ. ಕಾರಣವನ್ನೇ ಬರೆದಿಲ್ಲವಲ್ಲಮ್ಮ?"

"ಬರ್ದಿದ್ವಿ ಸರ್" ಎಂದಳು ಹುಡುಗಿ. "ಆಮೇಲೆ ತೆಗುದ್ವಿ."

"ಯಾರು ತೆಗೆದದ್ದು?"

ಹುಡುಗ ನನ್ನ ಕಡೆ ನೋಡಿದ. ಹುಡುಗಿ ನೋಡಲಿಲ್ಲ. ಅವಳು ಮೇಜಿನ ಮೇಲಿದ್ದ ವರದಿಯನ್ನೇ ನೋಡುತ್ತ ಸ್ವಲ್ಪ ಹೊತ್ತು ನಿಂತಳು. ನನ್ನ ಕೈಯಲ್ಲಿ ಪೆನ್ನಿತ್ತು, ಬಾಯಲ್ಲಿ ನಾಲಿಗೆಯೂ ಇತ್ತು. ಗುತ್ತಿಗೆದಾರನ ಎದುರು ಅಷ್ಟು ಕೂಗಾಡಿದವಳು, ಅಧಿಕಾರಿಯ ಮೇಜು ಕುಟ್ಟಿದವಳು, ಅಲ್ಲಿ ಒಂದು ಮಾತು ಆಡಲಿಲ್ಲ.

"ನಾನೇ ಸರ್" ಎಂದಳು. "ಪುಟ ಜಾಸ್ತಿ ಆಗಿತ್ತು."

ಅವರು ತಲೆಯಾಡಿಸಿ, ವರದಿ ಅಪೂರ್ಣ ಎಂದು ಷರಾ ಬರೆದು, ಇಬ್ಬರಿಗೂ ಅಂಕ ಇಳಿಸಿದರು. ಸಹಿಗೆ ಹಾಳೆಯನ್ನು ನನ್ನ ಕಡೆ ಸರಿಸಿದರು. ನಾನು ಸಹಿ ಹಾಕಿದೆ.

ಆ ವಾರವೇ ಪರೀಕ್ಷಾ ವಿಭಾಗಕ್ಕೆ ಪತ್ರ ಬರೆದೆ. ಸುಣ್ಣಕ್ಕೆ ಒಪ್ಪಿದವಳು ನಾನು, ಅದರ ಅರ್ಥ ಹೇಳಿಕೊಟ್ಟವಳು ನಾನು, ನಾಲ್ಕು ವಾಕ್ಯ ಹೊಡೆದುಹಾಕಿದವಳು ನಾನು, ವಿದ್ಯಾರ್ಥಿಗಳ ತಪ್ಪಿಲ್ಲ ಎಂದು ಮೂರು ಪುಟ. ವೈವಾ ಅಂಕಗಳ ಮರುಪರಿಶೀಲನೆಗೆ ಅವಕಾಶವಿಲ್ಲ ಎಂದು ಎರಡು ಸಾಲಿನ ಉತ್ತರ ಬಂತು. ಗುತ್ತಿಗೆದಾರನ ಮೇಲಿನ ಸಿಟ್ಟು ಅಷ್ಟು ಹೊತ್ತಿಗೆ ತಣ್ಣಗಾಗಿತ್ತು. ನೀರುನಾಯಿ ಕಂಡರೆ ಆಗದು ಎಂಬುದನ್ನು ಅವನು ಊರಿಗೆ ಎಂದೂ ಮುಚ್ಚಿಟ್ಟವನಲ್ಲ. ನನ್ನ ಮೇಲಿನದು ತಣಿಯಲಿಲ್ಲ.

ಅಂಕಪಟ್ಟಿ ತೆಗೆದುಕೊಳ್ಳಲು ಹುಡುಗಿ ಬಂದ ದಿನ ಸ್ಟಾಫ್ ರೂಮಿನಲ್ಲಿ ಬೇರೆ ಯಾರೂ ಇರಲಿಲ್ಲ. ಅವಳು ಬಯಸಿದ್ದ ಕಡೆ ಸೀಟು ಸಿಕ್ಕಿರಲಿಲ್ಲ. ನಾನು ಪತ್ರವನ್ನೂ ಉತ್ತರವನ್ನೂ ಅವಳ ಮುಂದೆ ಇಟ್ಟೆ. ತಪ್ಪಾಯಿತು ಎಂದೆ. ನಾನು ಅವತ್ತು ಮಾತಾಡಿದ್ದರೆ ನಿನಗೆ ಈ ಗತಿ ಬರುತ್ತಿರಲಿಲ್ಲ ಎಂದೆ. ಅವಳು ಎರಡನ್ನೂ ಓದಿ, ಮಡಿಕೆ ಸರಿಮಾಡಿ ವಾಪಸು ಕೊಟ್ಟಳು.

"ಬುಡಿ ಮೇಡಂ. ನೀವ್ ಮಾತಾಡಿದ್ರೆ ಮಾರ್ಕ್ಸ್ ಬತ್ತಿತ್ತು ಅಂತಲ್ಲ" ಎಂದಳು. "ಮಾತಾಡ್ತೀರೇನೋ ಅಂತ ಕಾಯ್ತಾ ಇದ್ದೆ, ಅಷ್ಟೆ."